ಉರಿಯನ್ನೂ ವಿದ್ಯುತ್ ಅಲೆಯನ್ನೂ ತಡೆಯುವ ಪ್ಲಾಸ್ಟಿಕ್



ಈ ಪಾಠವನ್ನು ಬರೆಯುತ್ತಿರುವವನು ವಿಜ್ಞಾನದ ಪದವೀಧರನಲ್ಲ. ಮೆಟ್ರಿಕ್ ಮುಗಿಸಿ ನೂಲಿನ ಗಿರಣಿಯೊಂದರಲ್ಲಿ ಗುಮಾಸ್ತನಾಗಿರುವವನು. ಪಾಳಿ ಮುಗಿದ ಮೇಲೆ ಓದಿ, ತಿಳಿಯದುದನ್ನು ತಿಳಿದವರಿಂದ ಕೇಳಿ, ಅರ್ಥವಾದಷ್ಟನ್ನು ಇಲ್ಲಿ ಬರೆದಿದ್ದೇನೆ. ವಿಷಯ ಹೊಸದಾಗಿ ಕಂಡರೂ ನಮಗೆ ದೂರದ್ದಲ್ಲ. ನಮ್ಮ ಕೋಣೆಯ ಚಾರ್ಜರು, ಗೋಡೆಯ ಪ್ಲಗ್ಗಿನ ಪೆಟ್ಟಿಗೆ, ಕಾರಖಾನೆಯ ವಿದ್ಯುತ್ ಫಲಕ ಇಂಥ ಹಲವು ಕಡೆ ಹೊರಮೈ ಪ್ಲಾಸ್ಟಿಕ್ಕಿನದು. ಆ ಹೊರಮೈ ಏನನ್ನು ತಡೆಯುತ್ತದೆ, ಏನನ್ನು ತಡೆಯಲಾರದು ಎಂಬುದನ್ನು ಅರಿತಿರುವುದು ಒಳ್ಳೆಯದು.

ಗಿರಣಿಯಲ್ಲಿ ಕಂಡದ್ದು

ನಮ್ಮ ಗಿರಣಿಯ ವೈಂಡಿಂಗ್ ಖಾತೆಯಲ್ಲಿ ಸುತ್ತಿದ ನೂಲಿನ ತೂಕದ ಮೇಲೆ ಕೂಲಿ. ಪಾಳಿ ಮುಗಿಯುವ ಹೊತ್ತಿಗೆ ಒಬ್ಬೊಬ್ಬರ ನೂಲನ್ನೂ ವಿದ್ಯುತ್ ಕಾಟಾದ ಮೇಲಿಟ್ಟು, ಅಂಕಿಯನ್ನು ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಆ ಖಾತೆಯ ಮೋಟಾರುಗಳಿಗೆ ವೇಗವನ್ನು ಹೆಚ್ಚು ಕಡಿಮೆ ಮಾಡುವ ಎಲೆಕ್ಟ್ರಾನಿಕ್ ಡ್ರೈವ್‌ಗಳನ್ನು ಕೂರಿಸಿದರು. ಅಂದಿನಿಂದ ಕಾಟಾದ ಅಂಕಿ ಒಂದೆಡೆ ನಿಲ್ಲದಾಯಿತು. ಒಂದೇ ಚೀಲ ಒಮ್ಮೆ 25 ಕಿಲೋ 300 ಗ್ರಾಂ ತೋರಿಸಿದರೆ ಮರುಗಳಿಗೆಯಲ್ಲಿ 24 ಕಿಲೋ 900 ಗ್ರಾಂ ತೋರಿಸುತ್ತಿತ್ತು. ಕೂಲಿಯ ಪ್ರಶ್ನೆ ಬಂದಾಗ ಯಾರು ಸುಮ್ಮನಿರುತ್ತಾರೆ? ಹಿರಿಯ ಕೆಲಸಗಾರರೊಬ್ಬರು ಎಲ್ಲರೆದುರಿಗೆ, "ರಾಯರೇ, ತಪ್ಪು ಕಾಟಾದ್ದೋ, ನಿಮ್ಮ ಕೈಯದ್ದೋ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಎರಡು ವಾರ ಕಳೆದ ಮೇಲೆ ವಾಯರ್‌ಮನ್ ಬಂದು ನೋಡಿದರು. ಮೋಟಾರು ನಿಲ್ಲಿಸಿದಾಗ ಅಂಕಿ ನಿಲ್ಲುತ್ತಿತ್ತು, ಓಡಿಸಿದಾಗ ಕುಣಿಯುತ್ತಿತ್ತು. ಡ್ರೈವ್ ಇದ್ದದ್ದು ಸಾದಾ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ. ಮೋಟಾರಿಗೆ ಹೋಗುವ ತಂತಿಯ ಲೋಹದ ಜಾಲರಿಯನ್ನು ಭೂಮಿಗೆ ಜೋಡಿಸಿರಲಿಲ್ಲ. ಅವರು ಪೆಟ್ಟಿಗೆಯನ್ನು ಬಿಚ್ಚಿದಾಗ ಇನ್ನೊಂದು ಸಂಗತಿಯೂ ಕಂಡಿತು. ಒಳಗೆ ಹತ್ತಿಯ ಧೂಳು ಮೆತ್ತಿಕೊಂಡಿತ್ತು. ಸಡಿಲವಾದ ಒಂದು ತಿರುಪಿನ ಬಳಿ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಇನ್ನು ಕೆಲವು ದಿನ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಹತ್ತಿಯ ನಡುವೆ ದುಡಿಯುವವರಿಗೆ ಹೇಳಬೇಕಾಗಿಲ್ಲ. ಲೋಹದ ಪೆಟ್ಟಿಗೆ ಹಾಕಿ, ಜಾಲರಿಯನ್ನು ಭೂಮಿಗೆ ಜೋಡಿಸಿದ ದಿನವೇ ಕಾಟಾ ನೆಟ್ಟಗಾಯಿತು. ಆದರೆ ಆ ಎರಡು ವಾರಗಳ ಬಟವಾಡೆಯಲ್ಲಿ ಯಾರಿಗೆ ಎಷ್ಟು ಕಡಿಮೆ ಬಿತ್ತೆಂದು ಲೆಕ್ಕ ಹಾಕುವ ದಾರಿಯಿರಲಿಲ್ಲ. ಅದು ಹಾಗೆಯೇ ಉಳಿಯಿತು.

ಒಂದೇ ಪೆಟ್ಟಿಗೆಯಲ್ಲಿ ಎರಡು ಅಪಾಯಗಳಿದ್ದವು: ಬೆಂಕಿ ಮತ್ತು ಹೊರಸೂಸುವ ವಿದ್ಯುತ್ ಅಲೆ. ಲೋಹದ ಪೆಟ್ಟಿಗೆ ಎರಡನ್ನೂ ತಡೆಯಿತು. ಆದರೆ ಲೋಹ ಭಾರ, ತುಕ್ಕು ಹಿಡಿಯುತ್ತದೆ, ಬೇಕಾದ ಆಕಾರಕ್ಕೆ ತರಲು ಖರ್ಚು ಹೆಚ್ಚು. ಮೊಬೈಲು, ವಿಮಾನ, ವಿದ್ಯುತ್ ವಾಹನದ ಬ್ಯಾಟರಿ ಪೆಟ್ಟಿಗೆ ಇಂಥ ಕಡೆ ತೂಕ ತಗ್ಗಬೇಕು. ಆದುದರಿಂದ ಎರಡೂ ಕೆಲಸ ಮಾಡುವ ಪ್ಲಾಸ್ಟಿಕ್ ಒಂದನ್ನು ಮಾಡಬಹುದೇ ಎಂದು ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ. ಅದೇ ಈ ಪಾಠದ ವಿಷಯ.

ಪ್ಲಾಸ್ಟಿಕ್ ಹೇಗೆ ಉರಿಯುತ್ತದೆ

ಬಹುಪಾಲು ಪ್ಲಾಸ್ಟಿಕ್ಕುಗಳು ಇಂಗಾಲ ಮತ್ತು ಜಲಜನಕದ ಉದ್ದನೆಯ ಸರಪಳಿಗಳು. ಸೀಮೆಎಣ್ಣೆಯೂ ಅದೇ ಕುಲದ್ದು, ಸರಪಳಿ ಮಾತ್ರ ಗಿಡ್ಡ. ಕಾವು ತಗಲಿದಾಗ ಪ್ಲಾಸ್ಟಿಕ್ಕಿನ ಸರಪಳಿ ತುಂಡಾಗಿ ಅನಿಲವಾಗುತ್ತದೆ. ಆ ಅನಿಲ ಗಾಳಿಯ ಆಮ್ಲಜನಕದೊಡನೆ ಸೇರಿ ಉರಿಯುತ್ತದೆ. ಉರಿಯ ಕಾವು ಮತ್ತೆ ಪ್ಲಾಸ್ಟಿಕ್ಕಿಗೆ ತಗಲಿ ಇನ್ನಷ್ಟು ಅನಿಲ ಹುಟ್ಟುತ್ತದೆ. ಹೀಗೆ ಚಕ್ರ ತಿರುಗುತ್ತದೆ. ಬೆಂಕಿ ತಡೆಯುವುದೆಂದರೆ ಈ ಚಕ್ರವನ್ನು ಎಲ್ಲಿಯಾದರೂ ಒಂದು ಕಡೆ ಕಡಿಯುವುದು.

ಈ ವಿದ್ಯೆ ಬಹಳ ಹಿಂದೆಯೇ ಬಟ್ಟೆಯ ಮೇಲೆ ಬೆಳೆಯಿತೆಂಬುದು ಗಿರಣಿಯವರಾದ ನಮಗೆ ಸಂತೋಷದ ಸಂಗತಿ. 1735ರಲ್ಲಿ ಇಂಗ್ಲೆಂಡಿನ ಒಬಡಯಾ ವೈಲ್ಡ್ ಎಂಬವರು ಪಟಿಕ, ಬಿಳಿಗಾರ ಮುಂತಾದುವುಗಳಿಂದ ಬಟ್ಟೆಗೆ ಉರಿ ತಗಲದಂತೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಆಗಿನ ನಾಟಕಶಾಲೆಗಳಲ್ಲಿ ದೀಪದ ಕಿಡಿ ಪರದೆಗೆ ತಗಲಿ ಅನಾಹುತಗಳಾಗುತ್ತಿದ್ದವು. ಫ್ರಾನ್ಸಿನ ದೊರೆಯ ಅಪೇಕ್ಷೆಯಂತೆ ರಸಾಯನಶಾಸ್ತ್ರಜ್ಞ ಗೇ-ಲೂಸಾಕ್ ಇದನ್ನು ಪರಿಶೀಲಿಸಿ, ಅಮೋನಿಯಂ ಫಾಸ್ಫೇಟ್, ನವಸಾಗರ, ಬಿಳಿಗಾರ ಇವುಗಳ ಮಿಶ್ರಣ ಪರಿಣಾಮಕಾರಿಯೆಂದು 1821ರಲ್ಲಿ ಪ್ರಕಟಿಸಿದರು. ಅಮೋನಿಯಂ ಮತ್ತು ಫಾಸ್ಫೇಟ್ ಸೇರಿದ ಲವಣಗಳನ್ನು ಇಂದಿಗೂ ಪ್ಲಾಸ್ಟಿಕ್ಕಿಗೆ ಬೆರೆಸುತ್ತಾರೆ.

ಈಗ ಬಳಕೆಯಲ್ಲಿರುವ ಮುಖ್ಯ ವಿಧಾನಗಳು ಮೂರು.

ಮೊದಲನೆಯದು, ತಣಿಸುವುದು. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಎಂಬ ಬಿಳಿಯ ಪುಡಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟನ್ನು ನೀರಾವಿಯಾಗಿ ಬಿಡುತ್ತದೆ. ಆವಿ ಕಾವನ್ನು ಹೀರುತ್ತದೆ, ಉರಿಯುವ ಅನಿಲವನ್ನು ತೆಳುವಾಗಿಸುತ್ತದೆ. ವಿಷವಿಲ್ಲ, ಬೆಲೆ ಕಡಿಮೆ. ದೋಷವೇನೆಂದರೆ ಬಹಳ ಬೇಕು. ತಂತಿಯ ಹೊದಿಕೆಗಳಲ್ಲಿ ನೂರಕ್ಕೆ 60 ಪಾಲಿನವರೆಗೂ ಈ ಪುಡಿಯನ್ನೇ ತುಂಬುವುದುಂಟು.

ಎರಡನೆಯದು, ಉರಿಯನ್ನೇ ಕೆಡಿಸುವುದು. ಬ್ರೋಮಿನ್ ಇರುವ ರಾಸಾಯನಿಕಗಳು ಜ್ವಾಲೆಯೊಳಗೆ ಸೇರಿ ಅದರ ಕ್ರಿಯೆಯನ್ನು ಮುರಿಯುತ್ತವೆ. ಕಡಿಮೆ ಪ್ರಮಾಣದಲ್ಲಿ ಹೆಚ್ಚು ಕೆಲಸ. ಆದರೆ ಇವುಗಳಲ್ಲಿ ಕೆಲವು ಮಣ್ಣು, ನೀರು, ಪ್ರಾಣಿಗಳ ಕೊಬ್ಬಿನಲ್ಲಿ ಬೇಗ ನಾಶವಾಗದೆ ಸೇರಿಕೊಳ್ಳುತ್ತವೆ. 1973ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಇಂಥ ಬ್ರೋಮಿನ್ ಪುಡಿ ತಪ್ಪಿ ದನಗಳ ಮೇವಿಗೆ ಬೆರೆತು, ಸಾವಿರಾರು ದನಗಳನ್ನು ಕೊಲ್ಲಬೇಕಾಯಿತು. ಹಾಲು ಮಾಂಸಗಳ ಮೂಲಕ ಜನರ ಮೈಗೂ ಅದು ಸೇರಿತು. ಯೂರೋಪಿನ ಒಕ್ಕೂಟ 2006ರಿಂದ ವಿದ್ಯುತ್ ಸಾಮಾನುಗಳಲ್ಲಿ ಇಂಥ ಎರಡು ವರ್ಗಗಳಿಗೆ ಮಿತಿ ಹಾಕಿತು. ನಮ್ಮ ದೇಶದಲ್ಲಿ 2012ರ ಮೇ ತಿಂಗಳಿನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳೂ ಅವನ್ನು ನೂರಕ್ಕೆ 0.1 ಪಾಲಿಗೆ ಮಿತಿಗೊಳಿಸಿದವು.

ಮೂರನೆಯದು, ಹೆಪ್ಪು ಕಟ್ಟಿಸುವುದು. ರಂಜಕ ಸೇರಿದ ಲವಣಗಳು ಕಾವಿನಲ್ಲಿ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಕರಿ ಇದ್ದಿಲ ಪದರವನ್ನಾಗಿ ಮಾಡುತ್ತವೆ. ಕೆಲವು ಮಿಶ್ರಣಗಳಲ್ಲಿ ಈ ಪದರ ರೊಟ್ಟಿಯಂತೆ ಉಬ್ಬುತ್ತದೆ. ಒಳಗಿನ ಪ್ಲಾಸ್ಟಿಕ್ಕಿಗೆ ಕಾವು ತಲಪುವುದಿಲ್ಲ, ಒಳಗಿನ ಅನಿಲ ಹೊರಗೆ ಬರುವುದಿಲ್ಲ. ಈ ಮೂರನೆಯ ವಿಧಾನವನ್ನು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಕೆಲಸವಿದೆ.

ವಿದ್ಯುತ್ ಅಲೆ ಮತ್ತು ಕವಚ

ತಂತಿಯಲ್ಲಿ ಹರಿಯುವ ವಿದ್ಯುತ್ತು ವೇಗವಾಗಿ ಹೆಚ್ಚುತ್ತ ತಗ್ಗುತ್ತ ಇದ್ದರೆ ಸುತ್ತಲೂ ವಿದ್ಯುತ್ಕಾಂತ ಅಲೆ ಹೊರಡುತ್ತದೆ. ರೇಡಿಯೋ ಕೇಂದ್ರ ಇದನ್ನು ಬೇಕೆಂದೇ ಮಾಡುತ್ತದೆ; ಡ್ರೈವ್, ಚಾರ್ಜರ್, ಗಣಕಯಂತ್ರಗಳು ಬೇಡವಾಗಿಯೂ ಮಾಡುತ್ತವೆ. ಆ ಅಲೆ ಇನ್ನೊಂದು ಸಾಧನದ ತಂತಿಗೆ ಬಡಿದಾಗ ಅಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಕಾಟಾದಂಥ ಸೂಕ್ಷ್ಮ ಸಾಧನ ಅದನ್ನೂ ತೂಕವೆಂದೇ ಎಣಿಸಿಬಿಡುತ್ತದೆ.

ಇದನ್ನು ತಡೆಯುವ ತತ್ವವನ್ನು ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೇ 1836ರಲ್ಲಿ ತೋರಿಸಿಕೊಟ್ಟರು. ಸುಮಾರು 12 ಅಡಿ ಉದ್ದಗಲದ ಮರದ ಚೌಕಟ್ಟಿಗೆ ತಂತಿ ಮತ್ತು ಲೋಹದ ಹಾಳೆ ಸುತ್ತಿ ಕೋಣೆಯಂತೆ ಮಾಡಿ, ಹೊರಗಿನಿಂದ ಬಲವಾದ ವಿದ್ಯುತ್ ಕೊಡಿಸಿ, ತಾವು ಒಳಗೆ ಹೋಗಿ ಕುಳಿತರು. ಹೊರಗೆ ಕಿಡಿ ಹಾರುತ್ತಿದ್ದರೂ ಒಳಗಿನ ಸೂಕ್ಷ್ಮ ಸಾಧನಗಳು ಅಲುಗಲಿಲ್ಲ. ವಿದ್ಯುತ್ ಹರಿಯಬಲ್ಲ ಗೋಡೆ ಸುತ್ತಲೂ ಇದ್ದರೆ ಒಳಗಿನದಕ್ಕೆ ರಕ್ಷಣೆ. ಅಲೆ ಬಂದು ಬಡಿದಾಗ ಸ್ವಲ್ಪ ಭಾಗ ಕನ್ನಡಿಯಿಂದ ಬೆಳಕು ಮರಳುವಂತೆ ಹಿಂದಕ್ಕೆ ಹೋಗುತ್ತದೆ. ಸ್ವಲ್ಪ ಭಾಗ ಗೋಡೆಯೊಳಗೇ ಇಂಗಿ ಕಾವಾಗುತ್ತದೆ. ಉಳಿದದ್ದು ಮಾತ್ರ ಆಚೆಗೆ ದಾಟುತ್ತದೆ.

ದಾಟಿದ್ದು ಎಷ್ಟು ಎಂಬುದನ್ನು ಡೆಸಿಬೆಲ್ ಲೆಕ್ಕದಲ್ಲಿ ಹೇಳುತ್ತಾರೆ. ಗೋಡೆಗೆ ಬಂದದ್ದು ಒಂದು ರೂಪಾಯಿ ಎಂದುಕೊಳ್ಳಿರಿ. 10 ಡೆಸಿಬೆಲ್ ಕವಚವಾದರೆ 10 ಪೈಸೆ ದಾಟುತ್ತದೆ. 20 ಆದರೆ 1 ಪೈಸೆ, 30 ಆದರೆ ಪೈಸೆಯ ಹತ್ತನೆಯ ಒಂದು ಪಾಲು. ಸಾಮಾನ್ಯ ಉಪಯೋಗಕ್ಕೆ ಕನಿಷ್ಠ 20 ಡೆಸಿಬೆಲ್ ಬೇಕೆಂದು ಎಣಿಕೆ.

ಸಾದಾ ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದುದರಿಂದ ಕಿಟಕಿಯ ಗಾಜಿನ ಮೂಲಕ ಬೆಳಕು ಹಾದುಹೋಗುವಂತೆ ಅಲೆ ಅದರ ಮೂಲಕ ಹಾದುಹೋಗುತ್ತದೆ. 1979ರಲ್ಲಿ ಅಮೆರಿಕದ ಸರಕಾರ ಗಣಕಯಂತ್ರಗಳು ಹೊರಸೂಸುವ ಅಲೆಗೆ ಮಿತಿ ವಿಧಿಸಿದಾಗ, ಪ್ಲಾಸ್ಟಿಕ್ ಪೆಟ್ಟಿಗೆ ಮಾಡುತ್ತಿದ್ದವರು ಒಳಮೈಗೆ ನಿಕ್ಕಲ್ ಬಣ್ಣ ಬಳಿದೋ ಸತುವನ್ನು ಸಿಂಪಡಿಸಿಯೋ ದಾರಿ ಕಂಡುಕೊಂಡರು. ಬಣ್ಣ ಕಿತ್ತುಬರುತ್ತದೆ; ಕಿತ್ತ ಕಡೆ ಅಲೆ ನುಸುಳುತ್ತದೆ. ಹೀಗಾಗಿ ಪ್ಲಾಸ್ಟಿಕ್ಕಿನ ಒಡಲೊಳಗೇ ವಿದ್ಯುತ್ ಹರಿಯುವಂತೆ ಮಾಡುವ ಯೋಚನೆಗೆ ಬೆಲೆ ಬಂತು.

ಬಸ್ಸಿನಲ್ಲಿ ಚಿಲ್ಲರೆ ಸಾಗುವಂತೆ

ಪ್ಲಾಸ್ಟಿಕ್ಕಿಗೆ ಇಂಗಾಲದ ಪುಡಿ ಬೆರೆಸುತ್ತ ಹೋದರೆ ಮೊದಮೊದಲು ವಿದ್ಯುತ್ ಹರಿಯುವುದೇ ಇಲ್ಲ. ಒಂದು ಪ್ರಮಾಣ ಮುಟ್ಟಿದೊಡನೆ ತಟ್ಟನೆ ಹರಿಯತೊಡಗುತ್ತದೆ. ಇದೇಕೆಂದು ತಿಳಿಯಲು ನಮ್ಮ ಸಿಟಿ ಬಸ್ಸನ್ನು ನೆನೆಯಿರಿ. ಜನ ತುಂಬಿದಾಗ ಹಿಂದೆ ನಿಂತವರು ಚಿಲ್ಲರೆಯನ್ನು ಕೈಯಿಂದ ಕೈಗೆ ದಾಟಿಸಿ ಕಂಡಕ್ಟರಿಗೆ ಮುಟ್ಟಿಸುತ್ತಾರೆ. ನಾಲ್ಕೇ ಜನ ಚದುರಿ ನಿಂತಿದ್ದರೆ ಒಬ್ಬರ ಕೈ ಇನ್ನೊಬ್ಬರಿಗೆ ಎಟುಕದು, ಹಣ ಸಾಗದು. ಜನ ಹೆಚ್ಚುತ್ತ ಒಂದು ಹಂತಕ್ಕೆ ಬಂದಾಗ ಬಸ್ಸಿನ ಯಾವ ಮೂಲೆಯಿಂದಲೂ ಹಣ ಮುಂದಕ್ಕೆ ಬರುತ್ತದೆ. ಕೈ ಉದ್ದವಾಗಿದ್ದರೆ ಕಡಿಮೆ ಜನ ಸಾಕು.

ಇಂಗಾಲದ ನ್ಯಾನೋ ಕೊಳವೆಗಳು ಈ ಉದ್ದ ಕೈಯವರಂತೆ. ಜಪಾನಿನ ಸುಮಿಯೊ ಈಜಿಮಾ 1991ರಲ್ಲಿ ಇವನ್ನು ಸ್ಪಷ್ಟವಾಗಿ ವಿವರಿಸಿದ ಮೇಲೆ ಲೋಕದ ಗಮನ ಅತ್ತ ತಿರುಗಿತು. ಕೂದಲಿಗಿಂತ ಸಾವಿರಾರು ಪಟ್ಟು ಸಪೂರ, ತಮ್ಮ ದಪ್ಪಕ್ಕೆ ಹೋಲಿಸಿದರೆ ಬಹಳ ಉದ್ದ. ಚೆನ್ನಾಗಿ ಹರಡಿದರೆ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಬೆರೆಸಿದರೂ ಒಂದಕ್ಕೊಂದು ತಾಗಿ ಪ್ಲಾಸ್ಟಿಕ್ಕಿನ ಉದ್ದಗಲಕ್ಕೂ ಬಲೆಯಾಗುತ್ತವೆ. ಸಾದಾ ಇಂಗಾಲದ ಪುಡಿಯಾದರೆ ಇದಕ್ಕಿಂತ ಬಹಳ ಹೆಚ್ಚು ಬೇಕು. ಬಲೆ ಕಟ್ಟಿದ ಮೇಲೂ ಒಳ್ಳೆಯ ಕವಚವಾಗಬೇಕಾದರೆ ಇನ್ನಷ್ಟು ಬೆರೆಸಬೇಕಾಗುತ್ತದೆ.

ಒಂದು ಬಲೆ, ಎರಡು ಕೆಲಸ

ಈಗ ತೊಡಕಿನ ಜಾಗಕ್ಕೆ ಬಂದೆವು. ಉರಿ ತಡೆಯಲು ನೂರಕ್ಕೆ 60 ಪಾಲು ಬಿಳಿಪುಡಿ, ಅಲೆ ತಡೆಯಲು ಬೇರೊಂದು ಪುಡಿ ಎಂದು ತುಂಬುತ್ತ ಹೋದರೆ ಪ್ಲಾಸ್ಟಿಕ್ ಉಳಿಯುವುದೆಲ್ಲಿ? ಹಿಟ್ಟು ಹೆಚ್ಚಾಗಿ ನೀರು ಸಾಲದ ಕಣಕದಂತೆ ಅದು ಅಚ್ಚಿನೊಳಗೆ ಹರಿಯುವುದಿಲ್ಲ. ಕೆಳಗೆ ಬಿದ್ದರೆ ಒಡೆಯುತ್ತದೆ. ಆದುದರಿಂದ ಎರಡೂ ಕೆಲಸಕ್ಕೆ ಒಂದೇ ಬೆರಕೆ ಒದಗಬೇಕು.

ಇಲ್ಲಿ ಒಂದು ಒಳ್ಳೆಯ ಸಂಗತಿ ಬೆಳಕಿಗೆ ಬಂತು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ತಕಾಶಿ ಕಾಶಿವಾಗಿ ಮತ್ತು ಸಂಗಡಿಗರು ನ್ಯಾನೋ ಕೊಳವೆ ಬೆರೆಸಿದ ಪ್ಲಾಸ್ಟಿಕ್ಕುಗಳನ್ನು ಸುಟ್ಟು ನೋಡಿದರು. ಕೊಳವೆಗಳು ಬಲೆ ಕಟ್ಟದಷ್ಟು ಕಡಿಮೆಯಿದ್ದಾಗ ಪ್ಲಾಸ್ಟಿಕ್ ಕುದಿದು ಗುಳ್ಳೆಯೆದ್ದು ಜೋರಾಗಿ ಉರಿಯಿತು. ಬಲೆ ಕಟ್ಟಿದ್ದಾಗ ಕರಗಿದ ಪ್ಲಾಸ್ಟಿಕ್ ಅದರಲ್ಲಿ ಸಿಕ್ಕಿಕೊಂಡು ಹರಿಯಲಿಲ್ಲ. ಮೇಲೆ ಬಿರುಕಿಲ್ಲದ ಕರಿಯ ಪದರ ನಿಂತಿತು. ಉರಿಯ ರಭಸ ಬಹಳ ತಗ್ಗಿತು. ಇದನ್ನು 2005ರಲ್ಲಿ ಪ್ರಕಟಿಸಿದರು. ವಿದ್ಯುತ್ತನ್ನು ಸಾಗಿಸಿ ಅಲೆಯನ್ನು ತಡೆಯುವ ಬಲೆಯೂ, ಕರಗಿದ ಪ್ಲಾಸ್ಟಿಕ್ಕನ್ನು ಹಿಡಿದು ಉರಿಯನ್ನು ತಗ್ಗಿಸುವ ಬಲೆಯೂ ಒಂದೇ ಬಗೆಯದು. ಈ ವಿಷಯದ ಜೀವಾಳ ಇದು.

ಆದರೂ ಬಲೆಯೊಂದೇ ಸಾಲದು. ಕೊಳವೆ ಬೆರೆಸಿದ ಪ್ಲಾಸ್ಟಿಕ್ ನಿಧಾನವಾಗಿ ಉರಿಯುತ್ತದೆಯೇ ಹೊರತು ತಾನಾಗಿ ಆರುವುದು ಖಂಡಿತವಿಲ್ಲ. ಕೆಲವೊಮ್ಮೆ ಬೆಂಕಿ ಇನ್ನೂ ಬೇಗ ಹತ್ತುವುದುಂಟು. ಆದಕಾರಣ ಬಲೆಯ ಜೊತೆಗೆ ಹಿಂದೆ ಹೇಳಿದ ರಂಜಕದ ಲವಣವನ್ನೂ ಸೇರಿಸುತ್ತಾರೆ. ಲವಣ ಇದ್ದಿಲನ್ನು ಹುಟ್ಟಿಸುತ್ತದೆ, ಬಲೆ ಆ ಇದ್ದಿಲು ಬಿರಿಯದಂತೆ ಹಿಡಿಯುತ್ತದೆ. ಸಿಮೆಂಟು ಮತ್ತು ಕಬ್ಬಿಣದ ಸರಳು ಸೇರಿ ಗಟ್ಟಿಯಾಗುವ ಹಾಗೆ ಇದು.

ಕೊಳವೆಯ ಬದಲು ಹಾಳೆಯಂಥ ವಸ್ತುಗಳೂ ಬಂದಿವೆ. ಇಂಗಾಲದ ಒಂದೇ ಪರಮಾಣು ದಪ್ಪದ ಹಾಳೆಯಾದ ಗ್ರಾಫೀನ್ 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸಿದ್ಧವಾಯಿತು. ಟೈಟೇನಿಯಂ ಮತ್ತು ಇಂಗಾಲದ ಮ್ಯಾಕ್ಸೀನ್ ಎಂಬ ಹಾಳೆಯನ್ನು 2011ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಪ್ರಕಟಿಸಿದರು. 2016ರಲ್ಲಿ ಕೊರಿಯಾದವರೂ ಅವರೂ ಸೇರಿ ಪರೀಕ್ಷಿಸಿದಾಗ, 45 ಮೈಕ್ರಾನ್ ದಪ್ಪದ ಅದರ ಪೊರೆ 92 ಡೆಸಿಬೆಲ್ ತಡೆಯಿತು. ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿಗಿಂತ ತೆಳುವಾದ ಪೊರೆಯನ್ನು ದಾಟಿದ್ದು ನೂರು ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ. ಆದರೆ ಮ್ಯಾಕ್ಸೀನ್ ತೇವ ಮತ್ತು ಗಾಳಿಗೆ ಕೆಡುತ್ತದೆ, ಬೆಲೆಯೂ ಹೆಚ್ಚು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಅಲೆ ತಡೆಯುವ ಬೆರಕೆ ಪ್ಲಾಸ್ಟಿಕ್ಕುಗಳ ಮೇಲೆ ಸಂಶೋಧನೆ ನಡೆದಿದೆಯೆಂಬುದು ಹೆಮ್ಮೆಯ ವಿಷಯ.

ಎರಡು ಎಚ್ಚರಿಕೆಗಳನ್ನು ಇಲ್ಲೇ ಹೇಳಬೇಕು. ವಿದ್ಯುತ್ ಹರಿಯುವ ಪ್ಲಾಸ್ಟಿಕ್ಕಿನ ಪೆಟ್ಟಿಗೆಗೆ ಒಳಗಿನ ತಂತಿ ತಗಲಿದರೆ ಮುಟ್ಟಿದವರಿಗೆ ಆಘಾತವಾದೀತು. ಆದುದರಿಂದ ಅದಕ್ಕೂ ಲೋಹದ ಪೆಟ್ಟಿಗೆಯಂತೆ ಭೂಸಂಪರ್ಕ ಬೇಕು. ಎರಡನೆಯದಾಗಿ, ಪುಡಿ ಬೆರೆಸುವ ಕೆಲಸಗಾರನ ಎದೆಗೂಡಿನ ಚಿಂತೆ. ಹತ್ತಿಯ ಧೂಳು ಉಸಿರಿಗೆ ಏನು ಮಾಡುತ್ತದೆಂದು ನಮಗೆ ಗೊತ್ತು. ಒಂದು ಜಾತಿಯ ಗಡುಸು ನ್ಯಾನೋ ಕೊಳವೆಯನ್ನು ಮನುಷ್ಯರಲ್ಲಿ ಅರ್ಬುದ ತರುವ ಸಂಭವವುಳ್ಳದ್ದೆಂದು ಅಂತರರಾಷ್ಟ್ರೀಯ ಸಂಸ್ಥೆ 2014ರಲ್ಲಿ ವರ್ಗೀಕರಿಸಿತು. ಪ್ಲಾಸ್ಟಿಕ್ಕಿನೊಳಗೆ ಸೇರಿದ ಮೇಲೆ ಅಪಾಯ ಕಡಿಮೆ. ಗಾಳಿಯಲ್ಲಿ ಹಾರುವಾಗ ಹೆಚ್ಚು. ಇಂಥ ಕಾರಖಾನೆಯಲ್ಲಿ ದುಡಿಯುವವರು ಸರಿಯಾದ ಮುಖವಾಡವನ್ನು ಕೇಳಿ ಪಡೆಯಬೇಕು.

ಪರೀಕ್ಷೆಯ ಅರ್ಥವೇನು

ಉರಿ ತಡೆಯುವ ಪ್ಲಾಸ್ಟಿಕ್ಕಿಗೆ "ವಿ-0" ಎಂಬ ದರ್ಜೆ ಇರುವುದನ್ನು ಕೆಲವರು ನೋಡಿರಬಹುದು. 125 ಮಿಲಿಮೀಟರ್ ಉದ್ದ, 13 ಮಿಲಿಮೀಟರ್ ಅಗಲದ ಪಟ್ಟಿಯನ್ನು ನೆಟ್ಟಗೆ ತೂಗುಹಾಕಿ, ಕೆಳತುದಿಗೆ ಸಣ್ಣ ಜ್ವಾಲೆಯನ್ನು 10 ಸೆಕೆಂಡು ಹಿಡಿಯುತ್ತಾರೆ. ಆರಿದ ಮೇಲೆ ಮತ್ತೆ 10 ಸೆಕೆಂಡು. ಪ್ರತಿಸಲವೂ 10 ಸೆಕೆಂಡಿನೊಳಗೆ ತಾನಾಗಿ ಆರಬೇಕು. ಕೆಳಗೆ 300 ಮಿಲಿಮೀಟರ್ ದೂರದಲ್ಲಿ ಹತ್ತಿ ಇಟ್ಟಿರುತ್ತಾರೆ. ಉರಿಯುವ ಹನಿ ಬಿದ್ದು ಆ ಹತ್ತಿ ಹೊತ್ತಿಕೊಳ್ಳಬಾರದು. "ವಿ-2" ದರ್ಜೆಯಲ್ಲಿ ಹತ್ತಿ ಹೊತ್ತಿದರೂ ಒಪ್ಪಿಗೆ. ಗಿರಣಿಯವರಿಗೆ ಈ ಭೇದ ಸಣ್ಣದಲ್ಲ.

ಆದರೆ ಸಣ್ಣ ಜ್ವಾಲೆಯ ಪರೀಕ್ಷೆಯಲ್ಲಿ ಗೆದ್ದದ್ದು ದೊಡ್ಡ ಬೆಂಕಿಯಲ್ಲಿ ಗೆಲ್ಲುವುದೆಂದು ತಿಳಿಯಬಾರದು. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟ ಸ್ವಿಸ್‌ಏರ್ 111 ವಿಮಾನ ಕೆನಡಾದ ಬಳಿ ಸಮುದ್ರಕ್ಕೆ ಬಿದ್ದು 229 ಜನರೂ ಸತ್ತರು. ತಂತಿಯ ಕಿಡಿ, ಮೇಲ್ಛಾವಣಿಯ ನಿರೋಧಕ ಕಂಬಳಿಯ ಹೊದಿಕೆಗೆ ತಗಲಿ ಬೆಂಕಿ ಹಬ್ಬಿತೆಂದು ತನಿಖೆ ಹೇಳಿತು. ಆ ಹೊದಿಕೆ ಲೋಹದ ಲೇಪವಿದ್ದ ಪಾಲಿಯೆಸ್ಟರ್ ಹಾಳೆ. ಆಗಿನ 12 ಸೆಕೆಂಡಿನ ಜ್ವಾಲೆಯ ಪರೀಕ್ಷೆಯಲ್ಲಿ ಅದು ಉತ್ತೀರ್ಣವಾಗಿತ್ತು! 2003ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಹೆಚ್ಚು ಕಠಿಣವಾದ ಪರೀಕ್ಷೆಯನ್ನು ನಿಯಮ ಮಾಡಿತು. ಹೊಸ ವಸ್ತುವಿನ ಹೊಗಳಿಕೆ ಓದುವಾಗ ಯಾವ ಪರೀಕ್ಷೆ, ಎಷ್ಟು ದಪ್ಪದ ತುಂಡು ಎಂದು ಕೇಳುವುದನ್ನು ಈ ದುರಂತ ಕಲಿಸುತ್ತದೆ.

ನಾವು ಮಾಡಬೇಕಾದುದು

ಒಂದು: ಚಾರ್ಜರು ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತನ್ನೂ, ಪ್ಲಗ್ಗು ಸಾಕೆಟ್ಟುಗಳಲ್ಲಿ ಐಎಸ್‌ಐ ಗುರುತನ್ನೂ ನೋಡಿರಿ. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಕಡೆ, ಹಾಸಿಗೆಯ ಮೇಲೆ ಚಾರ್ಜರ್ ಇಟ್ಟು ನಿದ್ದೆ ಹೋಗಬೇಡಿರಿ.

ಎರಡು: ಪ್ಲಾಸ್ಟಿಕ್ ಉರಿಯುವುದೋ ಇಲ್ಲವೋ ಎಂದು ಮನೆಯಲ್ಲಿ ಸುಟ್ಟು ನೋಡಬೇಡಿರಿ. ತಾಮ್ರದ ಆಸೆಗೆ ಹಳೆಯ ತಂತಿಯನ್ನೂ ಸುಡಬಾರದು. ಆ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷಗಳಿರುತ್ತವೆ.

ಮೂರು: ಯಂತ್ರದ ಕವಚ ತೆಗೆದರೆ ಮರಳಿ ಸರಿಯಾಗಿ ಮುಚ್ಚಿಸಿರಿ. ಬಿರುಕು ಬಿಟ್ಟ ಕವಚ, ಭೂಸಂಪರ್ಕವಿಲ್ಲದ ಜಾಲರಿ, ಸಡಿಲ ತಿರುಪು ಇವನ್ನು ಕಂಡರೆ ತಾವೇ ಕೈಹಾಕದೆ ವಾಯರ್‌ಮನ್‌ಗೆ ತಿಳಿಸಿ, ತಿಳಿಸಿದ್ದನ್ನು ಪುಸ್ತಕದಲ್ಲಿ ಬರೆಸಿರಿ. ಎಷ್ಟೇ ಒಳ್ಳೆಯ ವಸ್ತುವಾದರೂ ಸಂದಿಯಿದ್ದರೆ ಅಲೆ ನುಸುಳುತ್ತದೆ. ತಂತಿಯ ಗುಂಟವೂ ಹೊರಗೆ ಬರುತ್ತದೆ.

ನನ್ನನ್ನು ಪ್ರಶ್ನೆ ಕೇಳಿದ ಹಿರಿಯರು ಈಗ ನಿವೃತ್ತರಾಗಿ ಊರಿಗೆ ಹೋಗಿದ್ದಾರೆ. ತಪ್ಪು ಅವರ ನೂಲಿನದೂ ಅಲ್ಲ, ನನ್ನ ಕೈಯದೂ ಅಲ್ಲ, ಪೆಟ್ಟಿಗೆಯದು ಎಂದು ಅಂದೇ ಹೇಳುವಷ್ಟು ತಿಳಿವಳಿಕೆ ನನಗಿದ್ದರೆ ಅವರ ಎರಡು ವಾರಗಳ ಕೂಲಿ ಉಳಿಯುತ್ತಿತ್ತು. ಇನ್ನೊಬ್ಬರಿಗೆ ಹಾಗಾಗದಿರಲೆಂದು ಈ ಪಾಠ. ಇದರಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ವಿನಂತಿ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಪ್ಲಾಸ್ಟಿಕ್ಕಿನ ಉರಿಯ ಚಕ್ರವನ್ನು ಕಡಿಯುವ ಮೂರು ವಿಧಾನಗಳಾವುವು? ಒಂದೊಂದರ ದೋಷವೇನು?
2. 20 ಡೆಸಿಬೆಲ್ ಮತ್ತು 40 ಡೆಸಿಬೆಲ್ ಕವಚಗಳಲ್ಲಿ, ಒಂದು ರೂಪಾಯಿಯಲ್ಲಿ ಎಷ್ಟೆಷ್ಟು ದಾಟುತ್ತದೆ?
3. ನ್ಯಾನೋ ಕೊಳವೆಗಳ ಬಲೆ ಎರಡು ಕೆಲಸ ಹೇಗೆ ಮಾಡುತ್ತದೆ? ಅದಕ್ಕೆ ರಂಜಕದ ಲವಣ ಏಕೆ ಜೊತೆಯಾಗಬೇಕು?
4. ತಮ್ಮ ಕೆಲಸದ ಜಾಗದಲ್ಲಿರುವ ಒಂದು ವಿದ್ಯುತ್ ಪೆಟ್ಟಿಗೆಯನ್ನು ಹೊರಗಿನಿಂದಲೇ ನೋಡಿ, ಅದರ ಮುಚ್ಚಳ, ಸಂದಿ, ಭೂಸಂಪರ್ಕ ಹೇಗಿವೆಯೆಂದು ಬರೆಯಿರಿ.